ರೇಷ್ಮೆಹುಳುವಿನ ಮನೆಗೆ ಶೀತೋಷ್ಣ ಯಂತ್ರವನ್ನು ನಿಲ್ಲಿಸುವ ಕ್ರಮ

ರೇಷ್ಮೆಹುಳುವು ಹವೆಯ ಏರುಪೇರನ್ನು ಸಹಿಸಲಾರದ ಜೀವಿಯೆಂಬುದು ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಸೀಮೆಗಳ ಬೆಳೆಗಾರರಿಗೆ ಹೊಸದಾಗಿ ಹೇಳತಕ್ಕ ಸಂಗತಿಯಲ್ಲ. ಚಾಕಿ ಹುಳುವಿನ ಮೊದಲನೆಯ ಹಂತದಲ್ಲಿ ಮನೆಯ ಶಾಖವು ೨೭ರಿಂದ ೨೮ ಡಿಗ್ರಿ ಸೆಂಟಿಗ್ರೇಡ್, ಗಾಳಿಯ ತೇವವು ನೂರಕ್ಕೆ ೮೫ರಿಂದ ೯೦ರಷ್ಟು ಇರಬೇಕು. ನಾಲ್ಕನೆಯ ಜ್ವರದಿಂದೆದ್ದ ಹುಳುವಿಗೆ ೨೪ ಡಿಗ್ರಿಯ ಸುಮಾರು ಶಾಖವೂ ೭೦ರಷ್ಟು ತೇವವೂ ಸಾಕು. ಬೇಸಗೆಯ ಉರಿಯಲ್ಲಿ ಸಪ್ಪೆರೋಗವೂ, ಚಳಿ ಮತ್ತು ತೇವ ಕೂಡಿದ ದಿನಗಳಲ್ಲಿ ಸುಣ್ಣಕಟ್ಟು ರೋಗವೂ ಬೆಳೆಯನ್ನು ಕೆಡಿಸುವುದನ್ನು ಎಲ್ಲರೂ ಕಂಡಿದ್ದಾರೆ. ಚಳಿಗೆ ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಕಿಟಕಿ ಬಾಗಿಲುಗಳನ್ನು ಮುಚ್ಚುವ ವಾಡಿಕೆಯು ಹುಳುವಿಗಿಂತ ಮೊದಲು ಒಳಗೆ ಮಲಗುವ ಆಳಿಗೆ ಅಪಾಯಕರವಾದುದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆದಕಾರಣ ಅನುಕೂಲವುಳ್ಳ ಜಮೀನುದಾರರೂ ಚಾಕಿ ಕೇಂದ್ರಗಳನ್ನು ನಡೆಸುವವರೂ ಶಾಖವನ್ನೂ ತಂಪನ್ನೂ ಕೊಡುವ ವಿದ್ಯುತ್ ಯಂತ್ರವನ್ನು ತರಿಸುತ್ತಿರುವುದು ಯುಕ್ತವೇ. ಈ ಲೇಖನದ ವಿಷಯವು ಕಂಪ್ರೆಸರ್, ಫ್ಯಾನು, ಎರಡು ಸುರುಳಿಗಳು ಯಾವತ್ತೂ ಒಂದೇ ಪೆಟ್ಟಿಗೆಯಲ್ಲಿ ಅಡಕವಾಗಿ ಮನೆಯ ಹೊರಗೆ ನಿಲ್ಲುವ ಯಂತ್ರ. ಗೋಡೆಯನ್ನು ಕೊರೆದು ಎರಡು ತಗಡಿನ ಗಾಳಿನಾಳಗಳಿಂದ ಅದನ್ನು ಮನೆಗೆ ಸೇರಿಸುತ್ತಾರೆ. ಇಂತಹ ಯಂತ್ರವನ್ನು ಇಷ್ಟು ಟನ್ನಿನದೆಂದು ಕರೆಯುವುದು ಅದರ ತೂಕವನ್ನು ನೋಡಿ ಅಲ್ಲ. ೨,೦೦೦ ಪೌಂಡು ಮಂಜುಗಡ್ಡೆಯು ೨೪ ಗಂಟೆಯಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಅದೇ ಅವಧಿಯಲ್ಲಿ ತೆಗೆಯುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಇದು ಸುಮಾರು ಮೂರೂವರೆ ಕಿಲೋವಾಟಿಗೆ ಸಮ.

ಯಂತ್ರವು ಒಳ್ಳೆಯದಾಗಿದ್ದರೂ ನಿಲ್ಲಿಸಿದ ಕ್ರಮವು ಕೆಟ್ಟದ್ದಾದರೆ ಹಣವೂ ಬೆಳೆಯೂ, ಕೆಲವು ವೇಳೆ ಪ್ರಾಣವೂ ಹೋಗುವುದುಂಟು. ಮೊದಲು ಸ್ಥಳವನ್ನು ನೋಡಬೇಕು. ಹೊಸ ಗಾಳಿಯನ್ನು ಒಳಗೆ ಸೆಳೆಯುವ ಬಾಯಿಯು ಟೊಮೇಟೊ, ದ್ರಾಕ್ಷಿ, ಹೊಗೆಸೊಪ್ಪು ಮೊದಲಾದ ಬೆಳೆಗಳ ಕಡೆಗೆ ಇರಕೂಡದು. ಪಕ್ಕದ ಹೊಲದಲ್ಲಿ ಹೊಡೆದ ಕೀಟನಾಶಕದ ಅಲ್ಪಾಂಶವು ಗಾಳಿಯೊಡನೆ ಬಂದರೂ ಹುಳುಗಳು ಸಾಯುತ್ತವೆ. ೧೯೮೦ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಹೊಕ್ಕ ಊಜಿ ನೊಣವು ಇಂದಿಗೂ ಬಿಡದಿರುವುದರಿಂದ ಆ ಬಾಯಿಗೆ ನೈಲಾನ್ ಬಲೆಯನ್ನು ಬಿಗಿಯಬೇಕು. ಕಿಟಕಿಗೆ ಬಲೆ ಹಾಕಿದವರು ಗಾಳಿನಾಳವನ್ನು ಮರೆಯುವುದೇ ಹೆಚ್ಚು.

ಐದು ಟನ್ನಿನ ಯಂತ್ರದ ಭಾರವು ೨೦೦ ಕಿಲೋಗ್ರಾಮನ್ನು ಮೀರುವುದುಂಟು. ಮಣ್ಣನ್ನು ದಮ್ಮಸ್ಸು ಮಾಡಿ, ನೆಲದಿಂದ ಒಂದು ಅಡಿಯಷ್ಟು ಎತ್ತರಕ್ಕೆ, ಮನೆಯ ತಳಪಾಯಕ್ಕೆ ತಾಗದಂತೆ ಕಾಂಕ್ರೀಟಿನ ಜಗಲಿಯನ್ನು ಕಟ್ಟಿ ಮಟ್ಟಗೋಲಿನಿಂದ ನೋಡತಕ್ಕದ್ದು. ಸುತ್ತಲೂ ತಯಾರಕರು ಹೇಳಿದಷ್ಟು ತೆರಪು ಇರಲಿ; ವಿದ್ಯುತ್ ಪೆಟ್ಟಿಗೆಯ ಮುಂದೆ ಮನುಷ್ಯನು ನಿಂತು ಕೆಲಸ ಮಾಡಲು ಮೂರು ಅಡಿಯಾದರೂ ಬೇಕು. ಬಿಸಿಲಿಗೆ ಮರೆಯೆಂದು ಯಂತ್ರದ ಮೇಲೆ ತೆಂಗಿನ ಗರಿಯ ಚಪ್ಪರವನ್ನು ತಗ್ಗಾಗಿ ಹಾಕುವುದನ್ನು ಕೆಲವರು ಬುದ್ಧಿವಂತಿಕೆಯೆಂದು ತಿಳಿದಿರುವರು. ಮೇಲಕ್ಕೆ ಬಿಸಿಗಾಳಿಯನ್ನು ಊದುವ ಯಂತ್ರವಾದರೆ ಆ ಗಾಳಿಯು ಚಪ್ಪರಕ್ಕೆ ತಗುಲಿ ತಿರುಗಿ ಒಳಕ್ಕೇ ಸೇರಿ ಕಂಪ್ರೆಸರು ಕಾಯುತ್ತದೆ. ತಂಪಿನ ಸುರುಳಿಯಿಂದ ಇಳಿಯುವ ನೀರಿನ ಕೊಳಾಯಿಗೆ ಬಾಗು ಇರಲೇಬೇಕು. ಇಲ್ಲವಾದರೆ ಫ್ಯಾನಿನ ಸೆಳೆತಕ್ಕೆ ನೀರು ಹೊರಗೆ ಹೋಗದೆ ನಿಂತು ಗಾಳಿನಾಳಕ್ಕೆ ಹರಿಯುವುದು.

ಹೆಚ್ಚು ಎಚ್ಚರಿಕೆ ಬೇಕಾದುದು ವಿದ್ಯುಚ್ಛಕ್ತಿಯ ವಿಷಯದಲ್ಲಿ. ನೀರಾವರಿ ಪಂಪಿಗೆಂದು ಕೊಟ್ಟ ಸಂಪರ್ಕದಿಂದ ಈ ಯಂತ್ರಕ್ಕೆ ತಂತಿಯನ್ನು ಎಳೆಯುವುದು ನಿಯಮಕ್ಕೆ ವಿರುದ್ಧ. ಅಲ್ಲದೆ ಆ ಸರಬರಾಜು ದಿನಕ್ಕೆ ಕೆಲವು ಗಂಟೆ ಮಾತ್ರ ಇರುವುದರಿಂದ ಹುಳುವಿಗೆ ಪ್ರಯೋಜನವೂ ಇಲ್ಲ. ಹಳ್ಳಿಗಳಲ್ಲಿ ಮೂರು ಫೇಸುಗಳಲ್ಲಿ ಒಂದು ತಪ್ಪಿಹೋಗುವುದು ಸಾಮಾನ್ಯ. ಪಂಪಿಗೆ ಕೆಪಾಸಿಟರ್ ಕಟ್ಟಿ ಎರಡು ಫೇಸಿನಲ್ಲಿ ಓಡಿಸುವ ಯುಕ್ತಿಯನ್ನು ಇಲ್ಲಿಗೆ ತರಕೂಡದು; ಮೋಟಾರು ಸುಟ್ಟುಹೋಗುವುದು. ಫೇಸು ತಪ್ಪಿದರೂ, ಅದರ ಸರದಿ ತಿರುಗುಮುರುಗಾದರೂ, ವೋಲ್ಟೇಜು ಕುಸಿದರೂ ತಾನಾಗಿ ನಿಲ್ಲಿಸುವ ರಿಲೇಯನ್ನು ಹಾಕಿಸಬೇಕು. ಸರದಿ ತಿರುಗಿದರೆ ಕೆಲವು ಬಗೆಯ ಕಂಪ್ರೆಸರುಗಳು ಹಿಂದುಮುಂದಾಗಿ ತಿರುಗಿ ಕೆಡುತ್ತವೆ.

ಭೂಸಂಪರ್ಕದಲ್ಲಿ ಜಿಪುಣತನವು ಪ್ರಾಣಕ್ಕೆ ಮುಳುವು. ಒಂದು ಸಾಕಣೆ ಮನೆಯಲ್ಲಿ ಎರಡನೆಯ ಅರ್ತ್ ಗುಂಡಿಯ ಖರ್ಚನ್ನು ಉಳಿಸಲು ಹಸಿರು ತಂತಿಯನ್ನು ನಲ್ಲಿಯ ಕೊಳವೆಗೆ ಸುತ್ತಿದ್ದುದನ್ನು ಈ ಲೇಖಕನು ಕಣ್ಣಾರೆ ಕಂಡಿದ್ದಾನೆ. ಸೊಪ್ಪು ತೊಳೆಯಲು ಒದ್ದೆ ಕಾಲಿನಲ್ಲಿ ನಿಂತು ಅದೇ ನಲ್ಲಿಯನ್ನು ಹಿಡಿಯುವವರು ಮನೆಯ ಹೆಂಗಸರು. ಒಳಗೆ ಒಂದು ತಂತಿಯು ಸವೆದಿದ್ದರೆ ಸಾಕಾಗಿತ್ತು. ಮೂರು ಫೇಸಿನ ಯಂತ್ರದ ಮೈಗೆ ಎರಡು ಬೇರೆ ಬೇರೆ ಭೂಸಂಪರ್ಕಗಳಿರಬೇಕು. ಕೊಳವೆಯು ಎರಡೂವರೆ ಮೀಟರಿಗೆ ಕಡಮೆಯಿಲ್ಲದೆ ನೆಲದೊಳಗೆ ಇಳಿದು, ಕಟ್ಟಡದಿಂದ ಒಂದೂವರೆ ಮೀಟರಾದರೂ ದೂರವಿರಬೇಕು; ಬೇಸಗೆಯಲ್ಲಿ ಗುಂಡಿಗೆ ನೀರು ಹೊಯ್ಯುತ್ತಿರಬೇಕು. ಮನೆಯೊಳಗೆ ಜನರು ಮುಟ್ಟುವ ಬಲ್ಬು, ತೇವ ಮಾಡುವ ಯಂತ್ರ ಮೊದಲಾದವುಗಳ ತಂತಿಗೆ ೩೦ ಮಿಲಿಯಾಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಸ್ವಿಚ್ಚನ್ನು ಇರಿಸಿ, ತಿಂಗಳಿಗೊಮ್ಮೆ ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿ ನೋಡಬೇಕು. ಯಂತ್ರದ ಕಣ್ಣಳತೆಯಲ್ಲಿಯೇ ಬೀಗ ಹಾಕತಕ್ಕ ಮುಖ್ಯ ಸ್ವಿಚ್ಚು ಇರಲಿ. ಪೆಟ್ಟಿಗೆಯನ್ನು ಬಿಚ್ಚುವವನು ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಸ್ವಿಚ್ಚು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಶಕ್ತಿಯು ಉಳಿದಿರುವುದರಿಂದ ಅದನ್ನು ಬಲ್ಲವನೇ ಮುಟ್ಟತಕ್ಕದ್ದು.

ಯಂತ್ರದೊಳಗಿನ ಅನಿಲವು ಯಾವುದೆಂದು ಫಲಕವನ್ನು ಓದಿ ತಿಳಿಯಬೇಕು. ಆರ್-೩೨ ಎಂಬುದು ಅಲ್ಪವಾಗಿ ಉರಿಯುವುದು. ಆರ್-೨೯೦ ಎಂದರೆ ಪ್ರೊಪೇನ್, ಅಡಿಗೆಯ ಗ್ಯಾಸಿನ ಜಾತಿಯದೇ. ಇವು ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ಕೂಡುವುದರಿಂದ ಸಮೀಪದಲ್ಲಿ ಒಲೆ, ಬೀಡಿ, ಅಗ್ಗಿಷ್ಟಿಕೆ ಸರ್ವಥಾ ಕೂಡದು. ಸೋರಿಕೆಯ ಪರೀಕ್ಷೆಗೆ ಒಣ ನೈಟ್ರೋಜನ್ ಹೊರತು ಬೇರೆ ಅನಿಲವನ್ನು ತುಂಬಿಸಕೂಡದು. ಬೆಸುಗೆಯವರು ಕೈಗೆ ಸಿಕ್ಕಿದ ಆಮ್ಲಜನಕದ ಸಿಲಿಂಡರನ್ನು ಜೋಡಿಸಿದರೆ ಅದು ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸಿಡಿಯುವುದು.

ಬೆಳೆಯ ನಡುವೆ ಮನೆಯನ್ನು ಶುದ್ಧಿಮಾಡಲು ಬ್ಲೀಚಿಂಗ್ ಪುಡಿಯನ್ನು ಬಳಸುವಾಗ ಯಂತ್ರವನ್ನು ನಿಲ್ಲಿಸಿ ಗಾಳಿನಾಳಗಳ ಬಾಯನ್ನು ಮುಚ್ಚಬೇಕು. ಕ್ಲೋರಿನ್ ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುವುದು. ಇನ್ನೊಂದು ಸಂಗತಿಯುಂಟು. ತಂಪು ಮಾಡುವ ಯಂತ್ರವು ಗಾಳಿಯ ತೇವವನ್ನೂ ಹಿಂಡುವುದರಿಂದ ಚಾಕಿಯ ಕೋಣೆಯಲ್ಲಿ ಸೊಪ್ಪು ಬೇಗನೆ ಬಾಡುವುದು. ತೇವ ಕೊಡುವ ಯಂತ್ರವಿಲ್ಲದೆ ಇದನ್ನು ಮಾತ್ರ ತಂದವರು ಆಮೇಲೆ ಪಶ್ಚಾತ್ತಾಪಪಡುವರು.

ಚಾಕಿ ಕಟ್ಟುವ ದಿನಕ್ಕೆ ಮೂರು ದಿನ ಮೊದಲೇ, ಹುಳುವಿಲ್ಲದ ಮನೆಯಲ್ಲಿ ಹಗಲೂ ರಾತ್ರಿಯೂ ಯಂತ್ರವನ್ನು ಓಡಿಸಿ ನೋಡತಕ್ಕದ್ದು. ಒಣ ಹಾಗೂ ಒದ್ದೆ ಬಲ್ಬಿನ ಥರ್ಮಾಮೀಟರನ್ನು ಗಾಳಿನಾಳದ ಬಾಯೆದುರಿಗೆ ತೂಗುಹಾಕದೆ ತಟ್ಟೆಗಳ ಮಟ್ಟದಲ್ಲಿಯೇ ಇರಿಸಿ, ಗಂಟೆಗೊಮ್ಮೆ ಬರೆದಿಡಬೇಕು. ಒಂದು ಬಾರಿ ಮುಖ್ಯ ಸ್ವಿಚ್ಚನ್ನು ಬೇಕೆಂದೇ ತೆಗೆದು, ಕರೆಂಟು ಹೋದಾಗ ಯಾವ ಕಿಟಕಿಗಳನ್ನು ತೆರೆಯಬೇಕು, ಮನೆಯು ಎಷ್ಟು ಹೊತ್ತಿಗೆ ಕಾಯುವುದು ಎಂಬುದನ್ನು ರಾತ್ರಿಯ ಕಾವಲಿನ ಆಳಿಗೆ ತೋರಿಸಿಕೊಡತಕ್ಕದ್ದು.