ಅರ್ಬುದಪೀಡಿತ ಮಕ್ಕಳೂ ಕರುಳಿನ ಹುಳುಗಳೂ

ನಮ್ಮ ಭಾಗದ ಹಳ್ಳಿಗಳಲ್ಲಿ ‘ಜಂತು’ ಎಂಬ ಮಾತನ್ನು ಕೇಳದವರು ವಿರಳ. ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಜಂತು, ಹೊಟ್ಟೆ ಉಬ್ಬಿದರೆ ಜಂತು, ಊಟ ಸೇರದಿದ್ದರೂ ಜಂತು! ಇಷ್ಟು ಪರಿಚಿತವಾದ ವಸ್ತುವಿನ ವಿಷಯದಲ್ಲಿ ನಮಗೆ ಭಯವೂ ಇಲ್ಲ, ಲಕ್ಷ್ಯವೂ ಇಲ್ಲ. ಒಂದು ಗುಳಿಗೆ ನುಂಗಿಸಿದರೆ ಮುಗಿಯಿತೆಂದು ತಿಳಿಯುತ್ತೇವೆ. ಆರೋಗ್ಯವಂತ ಮಗುವಿನ ಮಟ್ಟಿಗೆ ಈ ತಿಳಿವಳಿಕೆ ಬಹುಮಟ್ಟಿಗೆ ಸರಿಯೇ. ಆದರೆ ಅದೇ ಮಗುವಿಗೆ ಅರ್ಬುದ, ಅಂದರೆ ಕ್ಯಾನ್ಸರ್, ತಗಲಿ ಅದಕ್ಕೆ ಚಿಕಿತ್ಸೆ ನಡೆಯುತ್ತಿದ್ದರೆ, ಈ ಸಾಮಾನ್ಯ ಜಂತುವೇ ಪ್ರಾಣಕ್ಕೆ ಎರವಾಗಬಹುದು. ಅದು ಹೇಗೆ, ಅದನ್ನು ತಡೆಯುವುದು ಯಾರ ಕೈಯಲ್ಲಿದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮಕ್ಕಳಲ್ಲಿ ಕಂಡುಬರುವ ಅರ್ಬುದಗಳಲ್ಲಿ ಹೆಚ್ಚಿನದು ರಕ್ತದ ಅರ್ಬುದ, ಅಂದರೆ ಲ್ಯುಕೀಮಿಯ. ಒಂದು ಕಾಲದಲ್ಲಿ ಇದಕ್ಕೆ ಮದ್ದೇ ಇರಲಿಲ್ಲ. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅಮಿನೊಪ್ಟೆರಿನ್ ಎಂಬ ಔಷಧದಿಂದ ಕೆಲವು ಮಕ್ಕಳ ರೋಗ ತಾತ್ಕಾಲಿಕವಾಗಿ ಇಳಿಯಿತೆಂದು ಪ್ರಕಟಿಸಿದರು. ಆ ಔಷಧವನ್ನು ಒದಗಿಸಿದ ಸಂಶೋಧಕರ ತಂಡದ ನಾಯಕರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆನೆಕಾಲು ರೋಗದ ಹುಳುವಿಗೆ ಇಂದಿಗೂ ಬಳಸುವ ಡೈಈಥೈಲ್‌ಕಾರ್ಬಮಝೀನ್ ಔಷಧವೂ ಇವರ ತಂಡದಿಂದಲೇ ಬಂದಿತು. ಅರ್ಬುದ ಮತ್ತು ಹುಳು ಎಂಬ ಎರಡು ಶತ್ರುಗಳ ಮೇಲೆ ಒಂದೇ ಪ್ರಯೋಗಶಾಲೆ ಯುದ್ಧ ಸಾರಿತೆಂಬುದು ಸ್ವಾರಸ್ಯದ ಸಂಗತಿ.

ಈಗ ಶ್ರೀಮಂತ ದೇಶಗಳಲ್ಲಿ ಅರ್ಬುದ ತಗಲಿದ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಅನೇಕ ಬಡ ದೇಶಗಳಲ್ಲಿ ಈ ಸಂಖ್ಯೆ ಮೂವತ್ತನ್ನೂ ಮುಟ್ಟುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗವನ್ನು ತಡವಾಗಿ ಗುರುತಿಸುವುದು, ಚಿಕಿತ್ಸೆಯನ್ನು ನಡುವೆ ಬಿಡುವುದು ಇದಕ್ಕೆ ಕಾರಣಗಳು. ಚಿಕಿತ್ಸೆಯ ಕಾಲದಲ್ಲಿ ತಗಲುವ ಸೋಂಕೂ ಅಂಥ ಒಂದು ಕಾರಣವಾಗಿದೆ.

ಸೋಂಕು ಏಕೆ ತಗಲುತ್ತದೆ? ಅರ್ಬುದದ ಔಷಧವು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ರೋಗದ ಕೋಶಗಳಂತೆಯೇ ಎಲುಬಿನ ಮಜ್ಜೆಯಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳೂ, ಕರುಳಿನ ಒಳಪದರದ ಕೋಶಗಳೂ ವೇಗವಾಗಿ ಬೆಳೆಯತಕ್ಕವು. ಆದುದರಿಂದ ಅವೂ ಪೆಟ್ಟು ತಿನ್ನುತ್ತವೆ. ಕೋಟೆಯ ಕಾವಲುಗಾರರೂ ಇಲ್ಲ, ಗೋಡೆಯೂ ಬಿರುಕುಬಿಟ್ಟಿದೆ ಎಂಬಂಥ ಸ್ಥಿತಿ ಅದು. ಇದರೊಡನೆ ರಕ್ತದ ಅರ್ಬುದಕ್ಕೆ ಮೊದಲ ಕೆಲವು ವಾರ ಸ್ಟೀರಾಯ್ಡ್ ಔಷಧವನ್ನೂ ಕೊಡಬೇಕಾಗುತ್ತದೆ. ಅದೂ ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸುತ್ತದೆ.

ಇನ್ನು ಕರುಳಿನ ಪರೋಪಜೀವಿಗಳನ್ನು ನೋಡೋಣ. ಇವುಗಳಲ್ಲಿ ಹುಳುಗಳು, ಏಕಕೋಶ ಜೀವಿಗಳು ಎಂದು ಎರಡು ಬಗೆ. ದುಂಡುಹುಳುವಿನ ಒಂದು ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ತತ್ತಿಗಳನ್ನಿಡುತ್ತದೆ. ಅವು ಮಲದೊಡನೆ ಮಣ್ಣು ಸೇರಿ, ಅನುಕೂಲವಿದ್ದರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಕೊಕ್ಕೆಹುಳು ಬರಿಗಾಲಿನ ಚರ್ಮವನ್ನು ಕೊರೆದು ಒಳನುಗ್ಗಿ, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇದರ ಒಂದು ಜಾತಿಯ ನೂರು ಹುಳುಗಳಿದ್ದರೆ ದಿನಕ್ಕೆ 15ರಿಂದ 20 ಮಿಲಿಲೀಟರ್ ರಕ್ತ ನಷ್ಟವಾಗಬಹುದು. ಮೊದಲೇ ರಕ್ತಹೀನವಾದ ಮಗುವಿಗೆ ಇದೆಂಥ ಹಾನಿಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇವೆಲ್ಲಕ್ಕಿಂತ ಕಪಟಿಯಾದುದು ಸ್ಟ್ರಾಂಜಿಲಾಯ್ಡಿಸ್ ಎಂಬ ನೂಲಿನಂಥ ಹುಳು. ಇದೂ ಬರಿಗಾಲಿನಿಂದಲೇ ಪ್ರವೇಶಿಸುತ್ತದೆ. ಉಳಿದ ಹೆಚ್ಚಿನ ಹುಳುಗಳ ಮರಿಗಳು ಹೊರಗೆ ಹೋಗಿಯೇ ಬೆಳೆಯಬೇಕು. ಇದರ ಮರಿಗಳಾದರೋ ಅದೇ ಮನುಷ್ಯನ ಕರುಳಿನಲ್ಲಿ ಬಲಿತು ಮತ್ತೆ ಅವನ ದೇಹವನ್ನೇ ಹೊಗಬಲ್ಲವು. ಆದ್ದರಿಂದ ಇದು ಯಾವ ಲಕ್ಷಣವನ್ನೂ ತೋರದೆ ದಶಕಗಳ ಕಾಲ ಒಳಗೇ ಉಳಿಯಬಹುದು. ಅಂಥವರಿಗೆ ಸ್ಟೀರಾಯ್ಡ್ ಕೊಟ್ಟಾಗ ಹುಳುಗಳು ಮಿತಿಮೀರಿ ಹೆಚ್ಚಿ, ಕರುಳಿನ ಬ್ಯಾಕ್ಟೀರಿಯಗಳನ್ನೂ ಹೊತ್ತುಕೊಂಡು ರಕ್ತಕ್ಕೂ ಶ್ವಾಸಕೋಶಕ್ಕೂ ಮಿದುಳಿಗೂ ಹರಡಬಹುದು. ಒಂದು ಸಲದ ಮಲಪರೀಕ್ಷೆಯಲ್ಲಿ ಇದು ಸಿಕ್ಕದೆ ಹೋಗುವುದುಂಟು. ಬೇರೆ ಬೇರೆ ದಿನಗಳಲ್ಲಿ ಮೂರು ಸಲ ಪರೀಕ್ಷಿಸುವುದು ಲೇಸು. ಶಾಲೆಗಳಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುತ್ತಿರುವ ಅಲ್ಬೆಂಡಝೋಲ್ ಗುಳಿಗೆಯ ಒಂದು ಮಾತ್ರೆ ದುಂಡುಹುಳುವಿಗೆ ಸಾಕಾದರೂ ಈ ಹುಳುವಿಗೆ ಸಾಲದು. ಇದಕ್ಕೆ ಐವರ್‌ಮೆಕ್ಟಿನ್ ಎಂಬ ಬೇರೆ ಔಷಧವಿದೆ. ಯಾವುದನ್ನು ಯಾವಾಗ ಕೊಡಬೇಕೆಂಬುದು ವೈದ್ಯರ ನಿರ್ಣಯ. ಅರ್ಬುದಪೀಡಿತ ಮಗುವಿಗೆ ಯಾವ ಜಂತಿನ ಗುಳಿಗೆಯನ್ನಾಗಲಿ ಅವರನ್ನು ಕೇಳದೆ ನುಂಗಿಸಬಾರದು.

ಏಕಕೋಶ ಜೀವಿಗಳಲ್ಲಿ ಅಮೀಬ, ಜಿಯಾರ್ಡಿಯ, ಕ್ರಿಪ್ಟೊಸ್ಪೊರಿಡಿಯಂ ಮುಖ್ಯವಾದವು. ಕೊನೆಯದು ಆರೋಗ್ಯವಂತರಿಗೆ ಕೆಲವು ದಿನಗಳ ಭೇದಿಯನ್ನು ತಂದು ತಾನೇ ಶಮನವಾಗುತ್ತದೆ. ರಕ್ಷಣಾಶಕ್ತಿ ಕುಂದಿದ ಮಗುವಿಗಾದರೋ ಭೇದಿ ವಾರಗಟ್ಟಲೆ ನಿಲ್ಲದೆ, ಮೈ ಸೊರಗಿ, ಅರ್ಬುದದ ಔಷಧವನ್ನೇ ಮುಂದೂಡಬೇಕಾದೀತು. ನೀರಿಗೆ ಬೆರೆಸುವ ಕ್ಲೋರಿನ್ನಿಗೆ ಇದು ಬಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿಯ ನೀರಿನಿಂದಲೇ ಸುಮಾರು 4 ಲಕ್ಷ ಜನಕ್ಕೆ ಇದು ತಗಲಿತು. ಆದರೆ ನೀರು ಒಂದು ನಿಮಿಷ ಕೊತಕೊತನೆ ಕುದಿದರೆ ಸಾಯುತ್ತದೆ. ಸೌದೆ ಒಲೆ ಇದ್ದವರಿಗೂ ಸಾಧ್ಯವಾದ ಉಪಾಯವಿದು!

ಈಗ ನಮ್ಮ ಊರಿಗೆ ಬರೋಣ. ಬೆಂಗಳೂರಿನ ಕಿದ್ವಾಯಿ ಅರ್ಬುದ ಸಂಸ್ಥೆಯ ಶಾಖಾಕೇಂದ್ರವು ಕಲಬುರಗಿಯಲ್ಲಿದೆ. ಹುಮನಾಬಾದಿನ ದಾರಿಯಲ್ಲಿರುವ ಕಮಲಾಪುರದ ಕಡೆಯ ಒಂದು ಮಗು ಚಿಕಿತ್ಸೆಯಲ್ಲಿದೆಯೆಂದು ಭಾವಿಸೋಣ. ರಕ್ತದ ಅರ್ಬುದದ ಚಿಕಿತ್ಸೆ ಎರಡು ಮೂರು ವರ್ಷ ನಡೆಯುವಂಥದು. ಅದರಲ್ಲಿ ಮಗು ಆಸ್ಪತ್ರೆಯಲ್ಲಿರುವ ದಿನಗಳು ಕೊಂಚ, ಮನೆಯಲ್ಲಿರುವ ದಿನಗಳೇ ಬಹಳ. ಅಂದಮೇಲೆ ಮನೆಯೂ ಚಿಕಿತ್ಸೆಯ ಒಂದು ಭಾಗವೆಂದೇ ಎಣಿಸಬೇಕು.

ಆ ಮನೆಯವರು ಅನ್ನಪಾನಗಳಲ್ಲಿ ಏನು ಮಾಡಬೇಕು? ಕುದಿಸಿದ ನೀರನ್ನು ಮುಚ್ಚಿಟ್ಟು, ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆಯಬೇಕು. ಹೆಂಚಿನ ಮೇಲಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿ, ಬಿಸಿಯಾದ ಪುಂಡಿಪಲ್ಯ, ಬೇಳೆ ಇವು ನಿರ್ಭಯವಾದ ಆಹಾರ. ಆದರೆ ರೊಟ್ಟಿಯ ಜೊತೆಗೆ ನಾವು ಇಷ್ಟಪಟ್ಟು ತಿನ್ನುವ ಹಸಿ ಮೆಂತ್ಯೆಸೊಪ್ಪು, ಮೂಲಂಗಿ, ಉಳ್ಳಾಗಡ್ಡಿಗಳನ್ನು ಈ ಮಗುವಿಗೆ ಚಿಕಿತ್ಸೆ ಮುಗಿಯುವ ತನಕ ಕೊಡದಿರುವುದು ಕ್ಷೇಮ. ಸೊಪ್ಪಿನ ಮಡಿಕೆಗಳಲ್ಲಿ ಅಂಟಿದ ತತ್ತಿ ಒಂದೆರಡು ಸಲ ತೊಳೆದರೆ ಹೋಗುವುದಿಲ್ಲ. ಹಣ್ಣು ಬೇಡವೆಂದಲ್ಲ. ಕಮಲಾಪುರದ ಪ್ರಸಿದ್ಧ ಕೆಂಪು ಬಾಳೆಹಣ್ಣನ್ನೇ ನೋಡಿ: ಪ್ರಕೃತಿಯೇ ಅದಕ್ಕೆ ಹೊದಿಕೆ ಹೊಲಿದಿದೆ. ಸಿಪ್ಪೆಯನ್ನೂ ಕೈಯನ್ನೂ ತೊಳೆದು ಸುಲಿದರೆ ಮಗು ಸುಖವಾಗಿ ತಿನ್ನಬಹುದು.

ಮಗು ಅಂಗಳದಲ್ಲೂ ಕಾಲಿಗೆ ಚಪ್ಪಲಿ ಮೆಟ್ಟಬೇಕು, ಉಗುರು ಗಿಡ್ಡವಾಗಿರಬೇಕು. ಕರುಗಳ ಸಗಣಿಯಿಂದಲೂ ಕ್ರಿಪ್ಟೊಸ್ಪೊರಿಡಿಯಂ ಬರುವುದರಿಂದ, ಸಗಣಿ ಸಾರಿಸುವ ಕೆಲಸವನ್ನೂ ಕೊಟ್ಟಿಗೆಯನ್ನೂ ಅದರಿಂದ ದೂರವಿಡಬೇಕು. ಮನೆಯ ಎಲ್ಲರೂ ಶೌಚದ ತರುವಾಯ, ಅಡಿಗೆಗೂ ಊಟಕ್ಕೂ ಮುಂಚೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಈಚೆಗೆ ರೂಢಿಗೆ ಬಂದ ಸ್ಯಾನಿಟೈಸರ್ ಹುಳುಗಳ ತತ್ತಿಯನ್ನಾಗಲಿ ಕ್ರಿಪ್ಟೊಸ್ಪೊರಿಡಿಯವನ್ನಾಗಲಿ ಕೊಲ್ಲಲಾರದು. ಸಾಬೂನು ನೀರು ಅವನ್ನು ಕೊಚ್ಚಿಹಾಕುತ್ತದೆ. ಇಷ್ಟಾದರೂ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಭೇದಿ ನಿಲ್ಲದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅರ್ಬುದ ಅಂಟುರೋಗವೆಂದು ಹೆದರಿ, ಅಂಥ ಮಗುವಿನ ತಟ್ಟೆಲೋಟ ಬೇರೆಯಿಟ್ಟು, ತಮ್ಮ ಮಕ್ಕಳನ್ನು ಅದರೊಡನೆ ಆಡಲು ಬಿಡದವರು ಇದ್ದಾರೆ. ಇದು ನಿಜವನ್ನು ತಲೆಕೆಳಗು ಮಾಡಿದಂತೆ. ಅರ್ಬುದವು ಆ ಮಗುವಿನಿಂದ ನಮಗೆ ಅಂಟುವುದಿಲ್ಲ. ಅಂಟುವುದೇನಿದ್ದರೂ ನಮ್ಮಿಂದ ಆ ಮಗುವಿಗೆ: ನಮ್ಮ ತೊಳೆಯದ ಕೈಯಿಂದ, ನಾವು ಬಯಲಿನಲ್ಲಿ ಬಿಟ್ಟ ಮಲದಿಂದ, ನಾವು ಕೈಯದ್ದಿದ ಕೊಡದಿಂದ. ಮಗುವನ್ನು ದೂರವಿಡುವುದು ಶುಚಿತ್ವವಲ್ಲ. ಮಗುವಿನ ಹತ್ತಿರ ಹೋಗಲು ನಾವು ಯೋಗ್ಯರಾಗುವುದೇ ಶುಚಿತ್ವ.

ಇದು ಆಗದ ಮಾತೆಂದು ಕೈಚೆಲ್ಲುವವರು ನಾರುಹುಣ್ಣಿನ ಕಥೆಯನ್ನು ನೆನೆಯಲಿ. ಕರ್ನಾಟಕವೂ ಸೇರಿ ಹಲವು ರಾಜ್ಯಗಳನ್ನು ಕಾಡಿದ ಆ ಹುಳುವಿಗೆ ಲಸಿಕೆಯೂ ಇರಲಿಲ್ಲ, ಕೊಲ್ಲುವ ಮದ್ದೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಯಲ್ಲಿ ಇಳಿಯದಿರುವುದು ಇಂಥ ಸಣ್ಣ ಅಭ್ಯಾಸಗಳಿಂದಲೇ 1996ರ ಹೊತ್ತಿಗೆ ದೇಶದಲ್ಲಿ ಅದರ ಕೊನೆಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಅದರಿಂದ ಮುಕ್ತವೆಂದು ಸಾರಿತು.

ವಿದ್ಯಾರ್ಥಿ ಮಿತ್ರರೆ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕಾಗಿ ಹಳ್ಳಿಗೆ ಹೋದಾಗ ನಾವು ಕಸ ಗುಡಿಸಿ ಬರುತ್ತೇವೆ. ಅದರೊಡನೆ ಈ ನಾಲ್ಕು ಮಾತುಗಳನ್ನೂ ಮನೆಮನೆಗೆ ಮುಟ್ಟಿಸೋಣ. ಅರ್ಬುದಕ್ಕೆ ಔಷಧ ಕೊಡುವುದು ವೈದ್ಯರ ಕೆಲಸ. ಆ ಔಷಧ ತನ್ನ ಕೆಲಸ ಮುಗಿಸುವ ತನಕ ಮಗುವನ್ನು ಕಾಯುವುದು ನಮ್ಮೆಲ್ಲರ ಕೆಲಸ. ಅದಕ್ಕೆ ಬೇಕಾದುದು ಒಂದು ಸಾಬೂನಿನ ತುಂಡು, ಒಂದು ಕೊಡ ಕುದಿಸಿದ ನೀರು, ಕೊಂಚ ಎಚ್ಚರ.