ದಡದಲ್ಲಿ ಕೂತು ಗಾಳ ಹಾಕೋಣ

ಗಾಳ.

ಎರಡೇ ಅಕ್ಷರ. ಓದುವುದು ಸುಲಭ. 'ಳ' ಬರೆಯುವಾಗ ಕೈ ಸ್ವಲ್ಪ ತಡವರಿಸುತ್ತದೆ. ಇರಲಿ, ಬರೆಯುತ್ತಾ ಬರೆಯುತ್ತಾ ಸರಿಹೋಗುತ್ತದೆ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಾರೆ. ವಯಸ್ಸು ಅರವತ್ತು ದಾಟಿದೆ. ಸಂಜೆ ಪಾಠಕ್ಕೆ ಬರುತ್ತಾರೆ. ಬೆಳಗಿನ ಜಾವ ಕೆರೆಯ ದಡದಲ್ಲಿ ಕೂತಿರುತ್ತಾರೆ. ಕೈಯಲ್ಲಿ ಒಂದು ಬಿದಿರು ಕೋಲು, ಪಕ್ಕದಲ್ಲಿ ಒಂದು ಹಳೇ ಡಬ್ಬ. ಡಬ್ಬದ ತುಂಬ ಎರೆಹುಳು.

ಬಲೆ ಬೀಸಬೇಕಾದರೆ ಹೆಚ್ಚಾಗಿ ನೀರಿಗೆ ಇಳಿಯಬೇಕು. ಇಲ್ಲವೇ ತೆಪ್ಪ ಬೇಕು. ಗಾಳಕ್ಕೆ ಅದೊಂದೂ ಬೇಡ. ದಡ ಇದ್ದರೆ ಸಾಕು. ಅದಕ್ಕೇ ಅಜ್ಜಿಗೆ ಗಾಳವೇ ಇಷ್ಟ.

ಒಂದು ದಿನ ಅಜ್ಜಿ ಪಾಠಕ್ಕೆ ಬಂದವರು ಮುಖ ಸಪ್ಪಗೆ ಮಾಡಿಕೊಂಡು ಕೂತರು.

"ಯಾಕಜ್ಜಿ, ಏನಾಯ್ತು?" ಎಂದು ಕೇಳಿದೆ.

ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಒಂದು ಸಣ್ಣ ಪೊಟ್ಟಣ. ಒಳಗೆ ಹೊಸ ಗಾಳಗಳು.

"ಪ್ಯಾಟೆ ಅಂಗಡೀಲಿ ನಾನೇ ಓದಿ ತಂದೆ ಕಣವ್ವ. ಸಣ್ಣ ಗಾಳ ಬೇಕಿತ್ತು. ಒಂದ್ರಲ್ಲಿ ಹತ್ತು ಅಂತ ಇತ್ತು, ಒಂದ್ರಲ್ಲಿ ಎರಡು ಅಂತ ಇತ್ತು. ಎರಡು ಅಂದ್ರೆ ಸಣ್ಣದಲ್ವಾ? ಅದ್ನೇ ತಂದೆ. ಮನೇಲಿ ಬಿಚ್ಚಿ ನೋಡಿದ್ರೆ ಇಷ್ಟು ದೊಡ್ಡದು! ಮೂರು ದಿನದಿಂದ ಮೀನು ಹುಳ ಕಿತ್ಕೊಂಡು ತಿಂದು ಹೋಯ್ತಾ ಅವೆ. ನಾನು ಓದಿದ್ದೂ ದಂಡ."

ಪೇಟೆಯಲ್ಲಿ ಅಜ್ಜಿ ತಾವಾಗಿ ಓದಿ ತಂದ ಮೊದಲ ಸಾಮಾನು ಅದು. ಓದಿದ್ದು ಸರಿಯಾಗಿಯೇ ಇತ್ತು. ಪೊಟ್ಟಣದ ಮೇಲೆ 2 ಎಂದೇ ಇತ್ತು. ಹಾಗಾದರೆ ತಪ್ಪು ಎಲ್ಲಿ? ನಾನು ಟೀಚರ್ ಟ್ರೈನಿಂಗ್ ಮಾಡಿದವಳು. ನಿಜ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. ಮಾರನೇ ಸಂತೆಯ ದಿನ ಇಬ್ಬರೂ ಆ ಅಂಗಡಿಗೆ ಹೋದೆವು. ಗಾಳಗಳನ್ನು ಸಾಲಾಗಿ ಇಡಿಸಿ ನೋಡಿದೆವು. ಆಗ ತಿಳಿಯಿತು.

ಗಾಳದ ನಂಬರ್ ಉಲ್ಟಾ ಲೆಕ್ಕ. ನಂಬರ್ ದೊಡ್ಡದಾದರೆ ಗಾಳ ಸಣ್ಣದು. 2ಕ್ಕಿಂತ 6 ಸಣ್ಣದು. 6ಕ್ಕಿಂತ 10 ಸಣ್ಣದು. ಕೆಲವು ಪೊಟ್ಟಣದ ಮೇಲೆ 1/0, 2/0 ಎಂದು ಬರೆದಿರುತ್ತದೆ. ಗೀಟಿನ ಆಚೆ ಸೊನ್ನೆ ಇದ್ದರೆ ಲೆಕ್ಕ ಮತ್ತೆ ತಿರುಗುತ್ತದೆ. 1/0 ದೊಡ್ಡದು, 2/0 ಅದಕ್ಕಿಂತ ದೊಡ್ಡದು. ಒಂದೊಂದು ಕಂಪನಿಯ ಅಳತೆ ಸ್ವಲ್ಪ ಹೆಚ್ಚುಕಡಿಮೆ. ಆದ್ದರಿಂದ ಓದಿ, ಕಣ್ಣಿನಲ್ಲೂ ನೋಡಿ.

ಜಿಲೇಬಿ ಮೀನಿಗೆ, ಸಣ್ಣ ಗೆಂಡೆಗೆ 8 ಅಥವಾ 10 ಸಾಕು. ಜಿಲೇಬಿ ನಮ್ಮ ನಾಡಿನ ಮೀನಲ್ಲ. ಅದರ ಮೂಲ ಆಫ್ರಿಕಾ. 1952ರಲ್ಲಿ ಭಾರತಕ್ಕೆ ತಂದರು. ಈಗ ಎಷ್ಟೋ ಕೆರೆಗಳಲ್ಲಿ ಅದರದ್ದೇ ದರಬಾರು.

ದಾರದ ಲೆಕ್ಕ ಸುಲಭ. ನೈಲಾನ್ ದಾರದ ಸುರುಳಿಯ ಮೇಲೆ 0.20, 0.30, 0.40 ಎಂದು ಇರುತ್ತದೆ. ಅದು ದಾರದ ದಪ್ಪ, ಮಿಲಿಮೀಟರಿನಲ್ಲಿ. ಇಲ್ಲಿ ನಂಬರ್ ದೊಡ್ಡದಾದರೆ ದಾರವೂ ದಪ್ಪ. ಸಣ್ಣ ಮೀನಿಗೆ 0.25 ಸಾಕು.

ಗಾಳ ಕಟ್ಟುವುದು

ದಾರವನ್ನು ಗಾಳದ ಕಣ್ಣಿನಲ್ಲಿ ಪೋಣಿಸಿ. ತುದಿಯನ್ನು ದಾರದ ಸುತ್ತ ಐದಾರು ಸಲ ಸುತ್ತಿ. ಗಾಳದ ಕಣ್ಣಿನ ಹತ್ತಿರ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ. ಈಗ ಗಂಟನ್ನು ನೀರಿನಲ್ಲಿ ಒದ್ದೆ ಮಾಡಿ, ನಿಧಾನವಾಗಿ ಎಳೆಯಿರಿ. ಒಣ ಗಂಟು ಎಳೆದರೆ ದಾರ ಬಿಸಿಯಾಗಿ ಸವೆಯುತ್ತದೆ. ದೊಡ್ಡ ಮೀನು ಸಿಕ್ಕ ದಿನವೇ ಕಿತ್ತುಹೋಗುತ್ತದೆ.

ಗಾಳದಿಂದ ಒಂದು ಗೇಣು ಮೇಲೆ ಸಣ್ಣ ಸೀಸದ ಗುಂಡು. ಅದರ ಮೇಲೆ ಬೆಂಡು. ಬೆಂಡನ್ನು ಮೇಲೆ ಕೆಳಗೆ ಸರಿಸಿದರೆ ಗಾಳ ಎಷ್ಟು ಆಳಕ್ಕೆ ಇಳಿಯಬೇಕೋ ಅಷ್ಟು ಇಳಿಯುತ್ತದೆ. ಮೃಗಾಲ, ಗೆಂಡೆ ಇವು ತಳದಲ್ಲಿ ಮೇಯುತ್ತವೆ. ಕಾಟ್ಲಾ ಮೇಲುನೀರಿನಲ್ಲಿ ಮೇಯುತ್ತದೆ.

'ಎರೆ' ಎಂದರೆ ಮೀನಿಗೆ ಒಡ್ಡುವ ತಿನಿಸು. ಅದಕ್ಕೇ ಎರೆಹುಳು ಎಂಬ ಹೆಸರು. ಹುಳು ಸಿಗದ ಬೇಸಿಗೆಯಲ್ಲಿ ಅಜ್ಜಿ ರಾಗಿ ಮುದ್ದೆಯನ್ನೇ ಸಣ್ಣ ಉಂಡೆ ಮಾಡಿ ಸಿಕ್ಕಿಸುತ್ತಾರೆ.

ಎಲ್ಲಿ ಕೂರಬೇಕು?

ನೀರಿನ ಮಧ್ಯಕ್ಕೆ ಎಸೆಯಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಬೆಳಿಗ್ಗೆ, ಸಂಜೆ ಮೀನು ದಡದ ಹತ್ತಿರವೇ ಮೇಯಲು ಬರುತ್ತದೆ. ಜೊಂಡಿನ ಅಂಚು ನೋಡಿ. ಬಾಗಿದ ಮರದ ನೆರಳು ನೋಡಿ. ಮಳೆ ಬಂದ ಮೇಲೆ ಹಳ್ಳದ ನೀರು ಕೆರೆ ಸೇರುವ ಜಾಗ ನೋಡಿ. ಹೊಸ ನೀರಿನ ಜೊತೆ ಹುಳುಹುಪ್ಪಟೆ ಬರುತ್ತದೆ. ಅದನ್ನು ತಿನ್ನಲು ಮೀನು ಬರುತ್ತದೆ.

ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಕೂರಿ. ದಪದಪ ಹೆಜ್ಜೆ ಹಾಕಬೇಡಿ. ನೆಲದ ಅದುರು ನೀರಿಗೆ ಹೋಗುತ್ತದೆ, ಮೀನಿಗೆ ತಿಳಿಯುತ್ತದೆ. ಮಾತಾಡಿದರೆ ಅಷ್ಟು ತೊಂದರೆ ಇಲ್ಲ. ನಮ್ಮ ಅಜ್ಜಿ ಮಾತು ನಿಲ್ಲಿಸುವುದೇ ಇಲ್ಲ, ಆದರೂ ಬುಟ್ಟಿಗೆ ಮೀನು ಬೀಳುತ್ತದೆ.

ಕೊರವನ ಸಂಸಾರ

ಕೊರವ ಮೀನು ಬೇರೆ ಜಾತಿ. ಅದು ಬೇಟೆಗಾರ. ಕಪ್ಪೆ, ಸಣ್ಣ ಮೀನು ಹಿಡಿದು ತಿನ್ನುತ್ತದೆ. ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ. ಈಗ ಪೇಟೆಯಲ್ಲಿ ರಬ್ಬರಿನ ಕಪ್ಪೆ ಸಿಗುತ್ತದೆ. ಅದರ ಗಾಳದ ಮೊನೆ ಕಪ್ಪೆಯ ಬೆನ್ನಿಗೆ ಒತ್ತಿಕೊಂಡಿರುತ್ತದೆ. ಜೊಂಡಿಗೆ ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಪೇಟೆ ಹುಡುಗರು ಅದನ್ನು ಎಲೆಗಳ ಮೇಲೆ ಕುಣಿಸುತ್ತಾ ಎಳೆಯುತ್ತಾರೆ. ಕೊರವ ನಿಜವಾದ ಕಪ್ಪೆ ಎಂದು ಹಾರಿ ಕಚ್ಚುತ್ತದೆ. ಕಚ್ಚಿದ ಕೂಡಲೇ ಜಗ್ಗಬಾರದು. ಒಂದು ಉಸಿರು ತಡೆದು ಜಗ್ಗಬೇಕು.

ಕೆಲವು ಸಲ ನೀರಿನ ಮೇಲೆ ಕೆಂಪಗೆ ಸಣ್ಣ ಮರಿಗಳ ಗುಂಪು ಓಡಾಡುತ್ತದೆ. ಅವು ಕೊರವನ ಮರಿಗಳು. ಕೆಳಗೆ ಅವುಗಳ ತಾಯಿ ತಂದೆ ಕಾವಲಿರುತ್ತವೆ. ಆಗ ಗಾಳಕ್ಕೆ ಅವು ಬೇಗ ಬೀಳುತ್ತವೆ. ಮರಿಗಳ ಹತ್ತಿರ ಏನು ಬಂದರೂ ಕಚ್ಚುತ್ತವಲ್ಲ! ದೊಡ್ಡ ಮೀನು ಹೋಯಿತೆಂದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಕೆಂಪು ಗುಂಪು ಕಂಡರೆ ಅಜ್ಜಿ ಕೋಲು ಎತ್ತಿಕೊಂಡು ಬೇರೆ ಜಾಗಕ್ಕೆ ಹೋಗುತ್ತಾರೆ. "ಬಾಣಂತಿ ಮನೇಲಿ ಕದೀತಾರೇನವ್ವ?" ಅನ್ನುತ್ತಾರೆ.

ಜೋಪಾನ

ಗಾಳದ ಮೊನೆಯ ಹಿಂದೆ ಇನ್ನೊಂದು ಪುಟ್ಟ ಮುಳ್ಳಿದೆ. ಅದು ಹಿಂದಕ್ಕೆ ಬಾಗಿದೆ. ನಾನು ಚಿಕ್ಕವಳಿದ್ದಾಗ ಅಣ್ಣನ ಗಾಳ ನನ್ನ ಹೆಬ್ಬೆರಳಿಗೆ ಹೊಕ್ಕಿತ್ತು. ಹೆದರಿ ಹಿಂದಕ್ಕೆ ಜಗ್ಗಿದೆ. ಮಾಂಸವೇ ಕಿತ್ತುಬಂತು. ಆ ಗುರುತು ಇನ್ನೂ ಇದೆ. ಗಾಳ ಆಳಕ್ಕೆ ಹೊಕ್ಕರೆ ಜಗ್ಗಬೇಡಿ. ದಾರ ಕತ್ತರಿಸಿ, ಗಾಳ ಅಲ್ಲಾಡದ ಹಾಗೆ ಬಟ್ಟೆ ಸುತ್ತಿ, ಆಸ್ಪತ್ರೆಗೆ ಹೋಗಿ. ಧನುರ್ವಾಯು ಬರದ ಹಾಗೆ ಚುಚ್ಚುಮದ್ದು ಬೇಕೇ ಎಂದು ಕೇಳಿ.

ಚೇಳು ಮೀನು ಸಿಕ್ಕರೆ ಬರಿಗೈಯಲ್ಲಿ ಹಿಡಿಯಬೇಡಿ. ಅದರ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಕೈಯನ್ನು ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಇಡಿ. ನೋವು ಇಳಿಯುತ್ತದೆ. ಆಮೇಲೆ ಡಾಕ್ಟರಿಗೆ ತೋರಿಸಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಗುಂಡಿ. ಕೆರೆ ಒಣಗಿದಾಗ ಮಣ್ಣು ತೆಗೆದಿರುತ್ತಾರೆ. ನೀರು ತುಂಬಿದ ಮೇಲೆ ಗುಂಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರು ಅಂದುಕೊಂಡು ಇಟ್ಟ ಮುಂದಿನ ಹೆಜ್ಜೆಯಲ್ಲಿ ಆಳು ಮುಳುಗುವಷ್ಟು ಆಳ ಇರಬಹುದು. ಸೀರೆ ಒದ್ದೆಯಾದರೆ ಕಾಲು ಆಡುವುದಿಲ್ಲ. ಗಾಳ ಸಿಕ್ಕಿಕೊಂಡರೆ ಬಿಡಿಸಲು ನೀರಿಗೆ ಇಳಿಯಬೇಡಿ. ದಾರ ಕತ್ತರಿಸಿ. ಗಾಳಕ್ಕೆ ಎಷ್ಟು ದುಡ್ಡು? ನಿಮಗೆ ಎಷ್ಟು ದುಡ್ಡು?

ಮೇಲೆ ಕರೆಂಟ್ ತಂತಿ ಇರುವ ಕಡೆ ಉದ್ದ ಕೋಲು ಎತ್ತಬೇಡಿ. ಗುಡುಗು ಶುರುವಾದರೆ ಕೋಲು ಬಿಟ್ಟು ಮನೆಗೆ ನಡೆಯಿರಿ. ತುಂಡು ದಾರವನ್ನು ದಡದಲ್ಲಿ ಬಿಸಾಡಬೇಡಿ. ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕೇಳಿ ಹಾಕಿ

ಎಷ್ಟೋ ಕೆರೆಗಳ ಮೀನನ್ನು ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಅವರು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾರೆ. ನಿಮ್ಮೂರ ಕೆರೆ ಯಾರಿಗೆ ಕೊಟ್ಟಿದೆ? ಪಂಚಾಯಿತಿಯಲ್ಲಿ ಅಥವಾ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಅನುಮತಿ ಬೇಕಾದರೆ ಪಡೆಯಿರಿ. ಬಾಯಿಮಾತು ಸಾಲದು, ಚೀಟಿ ಕೇಳಿ. ಓದಿ ನೋಡಿ.

ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದು ಅಪರಾಧ. 1897ರಲ್ಲಿಯೇ ಅದಕ್ಕೆ ಕಾನೂನು ಬಂತು. ಒಳನಾಡು ಮೀನುಗಾರಿಕೆಗೆ ಕರ್ನಾಟಕದ್ದೇ ಕಾನೂನು 1996ರದು.

ಅಜ್ಜಿ ಆ ಸಂತೆಯ ದಿನ 10ನೇ ನಂಬರ್ ಗಾಳ ತೆಗೆದುಕೊಂಡರು. ಪೊಟ್ಟಣವನ್ನು ಕಣ್ಣಿನ ಹತ್ತಿರ ಹಿಡಿದು, "ಒಂದು, ಸೊನ್ನೆ" ಎಂದು ಬೆರಳಿಟ್ಟು ಓದಿದರು. ದೊಡ್ಡ ಗಾಳವನ್ನೂ ಎಸೆದಿಲ್ಲ. ಅದು ಕೊರವನಿಗೆ ಇರಲಿ ಎಂದು ಡಬ್ಬದಲ್ಲಿ ಇಟ್ಟಿದ್ದಾರೆ.

ಓದಿ, ಬರೆಯಿರಿ

1. ಅಂಗಡಿಯಲ್ಲಿ 4, 8, 12 ನಂಬರಿನ ಗಾಳಗಳಿವೆ. ಎಲ್ಲಕ್ಕಿಂತ ಸಣ್ಣ ಗಾಳ ಯಾವುದು?
2. 0.20 ಮತ್ತು 0.35. ಇವೆರಡರಲ್ಲಿ ಯಾವ ದಾರ ದಪ್ಪ?
3. ಗಾಳ ಬೆರಳಿಗೆ ಆಳಕ್ಕೆ ಹೊಕ್ಕರೆ ಏನು ಮಾಡಬಾರದು?
4. ನಿಮ್ಮೂರ ಕೆರೆಯಲ್ಲಿ ಸಿಗುವ ಮೀನುಗಳ ಹೆಸರು ಬರೆಯಿರಿ. ನಿಮ್ಮ ಕಡೆ ಹೇಳುವ ಹೆಸರನ್ನೇ ಬರೆಯಿರಿ.