ಬಾಟಲಿ ಮುಚ್ಚಳದ ಅಲಂಕಾರ ಕಾಗದ: ಅಳತೆಯೂ ವೆಚ್ಚವೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಉಪ್ಪಿನಕಾಯಿ, ಶೇಂಗಾ ಹಿಂಡಿಗಳನ್ನು ಬಾಟಲಿಗಳಲ್ಲಿ ತುಂಬಿ ಮಾರುವವರು ಮುಚ್ಚಳಕ್ಕೆ ಅಲಂಕಾರದ ಕಾಗದ ಹೊದಿಸಿ ದಾರ ಕಟ್ಟುವುದಾದರೆ, ಬಣ್ಣಕ್ಕಿಂತ ಮೊದಲು ಅಳತೆಯನ್ನು ನಿರ್ಧರಿಸತಕ್ಕದ್ದು. 20×30 ಅಂಗುಲದ ಹಾಳೆಯಲ್ಲಿ 13 ಸೆಂ.ಮೀ. ಚೌಕಗಳು 15 ಮಾತ್ರ ದೊರೆಯುತ್ತವೆ, 12.5 ಸೆಂ.ಮೀ. ಆದರೆ 24. ಹಾಳೆಗೆ ರೂ. 12 ಎಂದು ಎಣಿಸಿದರೆ ತಲಾ ವೆಚ್ಚವು 80 ಪೈಸೆಯಿಂದ 50 ಪೈಸೆಗೆ ಇಳಿಯುತ್ತದೆ. 7 ಸೆಂ.ಮೀ. ಮುಚ್ಚಳದ ಸುತ್ತ 2.75 ಸೆಂ.ಮೀ. ಅಂಚು ಉಳಿಯುವುದರಿಂದ ದಾರ ಕಟ್ಟಲು ತೊಂದರೆಯಿಲ್ಲ. ದುಂಡಗೆ ಕತ್ತರಿಸುವ ಕೂಲಿಯನ್ನೂ ಸೇರಿಸಬೇಕು. ಮನೆಮಂದಿಯೇ ಕತ್ತರಿಸಿದರೂ ಅದು ವೆಚ್ಚವೇ.

ಆಹಾರ ಸುರಕ್ಷತೆಯ 2020ರ ಲೇಬಲಿಂಗ್ ನಿಯಮಾವಳಿಯಂತೆ ಹೊದಿಕೆಯು ಲೇಬಲ್ಲಿನ ವಿವರಗಳನ್ನು ಮರೆಮಾಡಕೂಡದು. ಮರೆಮಾಡಿದಲ್ಲಿ ಅವು ಹೊದಿಕೆಯ ಮೇಲೆಯೇ ಇರಬೇಕು. ಆದ್ದರಿಂದ ಮುಚ್ಚಳದ ಮೇಲೆ ದಿನಾಂಕ, ಬ್ಯಾಚ್ ಸಂಖ್ಯೆ ಒತ್ತುತ್ತಿರುವವರು ಅವನ್ನು ಮೊದಲು ಬಾಟಲಿಯ ಮೈಮೇಲಿನ ಲೇಬಲ್ಲಿಗೆ ವರ್ಗಾಯಿಸಿ, ಅನಂತರವೇ ಕಾಗದಕ್ಕೆ ಆರ್ಡರ್ ಕೊಡುವುದು ಕ್ಷೇಮ.